ಪ್ರವೇಶದ ಶೇಕಡಾವಾರನ್ನು ಓದುವ ಬಗೆ: ನಿಮ್ಮ ಭಿನ್ನರಾಶಿಯ ಛೇದ ಯಾವುದು?

2023ರ ಶರತ್ಕಾಲದ ಪ್ರವೇಶಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿಗೆ, ಅಂದರೆ ಎಲ್ಲರೂ ಯುಸಿಎಲ್‌ಎ ಎಂದು ಕರೆಯುವ ಸಂಸ್ಥೆಗೆ, ಹೈಸ್ಕೂಲು ಮುಗಿಸುತ್ತಿದ್ದ ಮಕ್ಕಳಿಂದ ಸುಮಾರು 1,46,000 ಅರ್ಜಿಗಳು ಬಂದಿದ್ದವು. ಪ್ರವೇಶ ಸಿಕ್ಕಿದ್ದು ಸರಿಸುಮಾರು ನೂರಕ್ಕೆ ಒಂಬತ್ತು ಮಂದಿಗೆ. ಈ ಒಂಬತ್ತನ್ನು ಕೇಳಿದ ಕೂಡಲೇ ಒಂದು ಮನೆಯಲ್ಲಿ ಅರ್ಜಿ ಹಾಕುವ ಉತ್ಸಾಹವೇ ಇಳಿದುಹೋಗುತ್ತದೆ, ಇನ್ನೊಂದು ಮನೆಯಲ್ಲಿ "ನಮ್ಮ ಹುಡುಗಿ ತರಗತಿಗೇ ಮೊದಲಿಗಳು, ಆ ಒಂಬತ್ತರಲ್ಲಿ ಇದ್ದೇ ಇರುತ್ತಾಳೆ" ಎಂಬ ಧೈರ್ಯ ಮೂಡುತ್ತದೆ. ಎರಡೂ ಕಡೆ ಆಗಿರುವ ತಪ್ಪು ಒಂದೇ. ಶೇಕಡಾ ಒಂಬತ್ತು ಎನ್ನುವುದು ಒಂದು ಭಿನ್ನರಾಶಿ. ಅದರ ಅಂಶದಲ್ಲಿ ಪ್ರವೇಶ ಪಡೆದವರಿದ್ದಾರೆ, ಛೇದದಲ್ಲಿ ಅರ್ಜಿ ಹಾಕಿದವರೆಲ್ಲರೂ ಇದ್ದಾರೆ. ಆದರೆ ನಿಮ್ಮ ಮಗುವಿನ ಅರ್ಜಿಯನ್ನು ಓದುವವರು ಅದನ್ನು ಆ ಒಂದೂವರೆ ಲಕ್ಷದ ರಾಶಿಯೊಂದಿಗೆ ಹೋಲಿಸುವುದಿಲ್ಲ. ಎಲ್ಲಿ ವಾಸ, ಯಾವ ವಿಷಯಕ್ಕೆ ಅರ್ಜಿ, ಯಾವ ಶಾಲೆ ಎಂಬುದನ್ನು ಅನುಸರಿಸಿ ಆ ಅರ್ಜಿ ಒಂದು ಚಿಕ್ಕ ರಾಶಿಗೆ ಸೇರುತ್ತದೆ. ಆ ಚಿಕ್ಕ ರಾಶಿ ಯಾವುದೆಂದು ಹುಡುಕಿಕೊಳ್ಳುವುದೇ ಅವಕಾಶವನ್ನು ಅಂದಾಜು ಮಾಡುವ ಕೆಲಸದ ಮುಕ್ಕಾಲು ಭಾಗ.

ಇಲ್ಲಿ ಹೇಳುತ್ತಿರುವುದು ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ಪ್ರವೇಶದ ಬಗ್ಗೆ, ಹೆಚ್ಚಾಗಿ ಕ್ಯಾಲಿಫೋರ್ನಿಯಾವನ್ನು ಮುಂದಿಟ್ಟುಕೊಂಡು. ಕಾರಣ ಸರಳ: ಅಂಕಿಅಂಶಗಳನ್ನು ಇಷ್ಟು ಬಿಚ್ಚಿಡುವ ಇನ್ನೊಂದು ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಮೊದಲು ಎರಡು ದಾಖಲೆಗಳನ್ನು ತೆಗೆದಿಟ್ಟುಕೊಳ್ಳಿ

ಮೊದಲನೆಯದು ಕಾಮನ್ ಡೇಟಾ ಸೆಟ್. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ತುಂಬಿ ಪ್ರಕಟಿಸುವ ದಾಖಲೆ ಇದು; ವಿಶ್ವವಿದ್ಯಾಲಯದ ಹೆಸರಿನ ಜೊತೆ ಈ ಮೂರು ಪದಗಳನ್ನು ಸೇರಿಸಿ ಹುಡುಕಿದರೆ ಸಿಗುತ್ತದೆ. ಅದರಲ್ಲಿ 'ಸಿ' ವಿಭಾಗವನ್ನು ಮಾತ್ರ ಓದಿದರೆ ಸಾಕು. ಸಿ1ರಲ್ಲಿ ಅರ್ಜಿ ಹಾಕಿದವರು, ಪ್ರವೇಶ ಪಡೆದವರು, ನಿಜವಾಗಿ ಬಂದು ಸೇರಿದವರು ಎಂಬ ಮೂರು ಸಂಖ್ಯೆಗಳಿರುತ್ತವೆ. ಸಿ2ರಲ್ಲಿ ವೇಟ್‌ಲಿಸ್ಟ್. ಸಿ7ರಲ್ಲಿ ಒಂದು ಕೋಷ್ಟಕವಿದ್ದು, ಗ್ರೇಡು, ಕೋರ್ಸುಗಳ ಗಟ್ಟಿತನ, ಪ್ರಬಂಧ, ಶಿಫಾರಸು, ಸಂದರ್ಶನ, ಹಳೆಯ ವಿದ್ಯಾರ್ಥಿಯ ಮಗು ಎಂಬ ಸಂಬಂಧ, ಆಸಕ್ತಿ ತೋರಿಸುವುದು ಇವುಗಳಲ್ಲಿ ಪ್ರತಿಯೊಂದೂ 'ಅತಿ ಮುಖ್ಯ', 'ಮುಖ್ಯ', 'ಪರಿಗಣಿಸುತ್ತೇವೆ', 'ಪರಿಗಣಿಸುವುದಿಲ್ಲ' ಎಂಬ ನಾಲ್ಕರಲ್ಲಿ ಯಾವುದೆಂದು ಸಂಸ್ಥೆಯೇ ಗುರುತು ಹಾಕಿರುತ್ತದೆ. ಸಲಹೆಗಾರರಿಗೆ ಹಣ ಕೊಟ್ಟು ತಿಳಿದುಕೊಳ್ಳುವ ಎಷ್ಟೋ ಸಂಗತಿಗಳು ಈ ಒಂದು ಪುಟದಲ್ಲಿ ಪುಕ್ಕಟೆಯಾಗಿ ಇವೆ.

ಎರಡನೆಯದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ಕೇಂದ್ರದ ಪುಟ. ಅಲ್ಲಿ 'ಮೂಲ ಶಾಲೆಯ ಪ್ರಕಾರ ಪ್ರವೇಶ' ಎಂಬ ಕೋಷ್ಟಕವಿದೆ. ಹೈಸ್ಕೂಲಿನ ಹೆಸರನ್ನು ಆರಿಸಿದರೆ, ಪದವಿ ತರಗತಿಗಳಿರುವ ಒಂಬತ್ತು ಕ್ಯಾಂಪಸ್ಸುಗಳಲ್ಲಿ ಯಾವುದಕ್ಕೆ ಆ ಶಾಲೆಯಿಂದ ಎಷ್ಟು ಮಂದಿ ಅರ್ಜಿ ಹಾಕಿದರು, ಎಷ್ಟು ಮಂದಿಗೆ ಸಿಕ್ಕಿತು, ಎಷ್ಟು ಮಂದಿ ಸೇರಿದರು, ಅವರ ಸರಾಸರಿ ಜಿಪಿಎ (ಗ್ರೇಡುಗಳನ್ನು ಅಂಕವಾಗಿಸಿ ತೆಗೆದ ಸರಾಸರಿ) ಎಷ್ಟು ಎಂಬುದು ವರ್ಷವಾರು ಬರುತ್ತದೆ. ಒಂದು ವರ್ಷದ ಸಾಲನ್ನು ಮಾತ್ರ ನೋಡಬೇಡಿ. ನಲವತ್ತು ಅರ್ಜಿಗಳಿರುವ ಶಾಲೆಯಲ್ಲಿ ಮೂವರು ಹೆಚ್ಚು ಕಡಿಮೆಯಾದರೂ ಶೇಕಡಾವಾರು ಏಳೆಂಟು ಅಂಕ ಜಿಗಿಯುತ್ತದೆ. ನಾಲ್ಕೈದು ವರ್ಷಗಳ ಅಂಶಗಳನ್ನೆಲ್ಲ ಕೂಡಿ, ಛೇದಗಳನ್ನೆಲ್ಲ ಕೂಡಿ, ಆಮೇಲೆ ಭಾಗಿಸಿ.

ಹಳೆಯ ವರ್ಷಗಳನ್ನು ಸೇರಿಸಿಕೊಳ್ಳುವಾಗ 2021ಕ್ಕಿಂತ ಹಿಂದಕ್ಕೆ ಹೋಗದಿರುವುದು ಒಳ್ಳೆಯದು. ಎಸ್ಎಟಿ ಮತ್ತು ಎಸಿಟಿ ಎಂಬ ಪ್ರವೇಶ ಪರೀಕ್ಷೆಗಳ ಅಂಕಗಳನ್ನು ಪ್ರವೇಶದ ನಿರ್ಧಾರದಲ್ಲಿ ನೋಡುವುದನ್ನು ಆ ವರ್ಷದಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕೈಬಿಟ್ಟಿತು. ಯುಸಿಎಲ್‌ಎಗೆ ಬಂದ ಅರ್ಜಿಗಳು ಒಂದೇ ವರ್ಷದಲ್ಲಿ ಸುಮಾರು 1,09,000ದಿಂದ 1,39,000ಕ್ಕೆ ಏರಿದವು. ಸೀಟುಗಳು ಕಡಿಮೆಯಾಗಿರಲಿಲ್ಲ, ಛೇದ ಉಬ್ಬಿತ್ತು. ಮೊದಲಾದರೆ ಪರೀಕ್ಷೆಯ ಅಂಕ ನೋಡಿ ಹಿಂದೆ ಸರಿಯುತ್ತಿದ್ದವರಲ್ಲಿ ಎಷ್ಟೋ ಮಂದಿ ಈಗ ಅರ್ಜಿ ಹಾಕುತ್ತಿದ್ದಾರೆ ಎನ್ನುವುದು ಈ ಏರಿಕೆಗೆ ಒಂದು ಮುಖ್ಯ ಕಾರಣ. ಹಾಗಾಗಿ ಪ್ರಮಾಣ ಇಳಿದಷ್ಟೇ ಮಟ್ಟಿಗೆ ಒಬ್ಬ ಗಟ್ಟಿ ವಿದ್ಯಾರ್ಥಿಯ ಅವಕಾಶವೂ ಇಳಿಯಿತೆಂದು ಹೇಳಲಾಗದು.

ವಾಸಸ್ಥಳ ಎಂಬ ಮೊದಲ ಜರಡಿ

ಸರ್ಕಾರಿ ವಿಶ್ವವಿದ್ಯಾಲಯವು ರಾಜ್ಯದ ತೆರಿಗೆದಾರರ ಸಂಸ್ಥೆ; ರಾಜ್ಯದ ಮಕ್ಕಳಿಗೆ ಅಲ್ಲಿ ಮೊದಲ ಹಕ್ಕು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಕ್ಯಾಂಪಸ್ಸಿನಲ್ಲಿ 1986ರಿಂದಲೂ ಮೊದಲ ವರ್ಷದ ತರಗತಿಯಲ್ಲಿ ಹೊರರಾಜ್ಯದವರು ಶೇ. 18ನ್ನು ಮೀರುವಂತಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಮೂರರಲ್ಲಿ ಎರಡು ಪಾಲು ವರ್ಜೀನಿಯಾದವರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ರೀಜೆಂಟರು 2017ರಲ್ಲಿ ಐದು ಕ್ಯಾಂಪಸ್ಸುಗಳಿಗೆ ಶೇ. 18ರ ಮಿತಿ ಹಾಕಿದರು. ಆಗಲೇ ಅದನ್ನು ಮೀರಿದ್ದ ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಮತ್ತು ಅರ್ವೈನ್ ಕ್ಯಾಂಪಸ್ಸುಗಳು ಇದ್ದಲ್ಲೇ ನಿಲ್ಲಬೇಕೆಂದಾಯಿತು, ಆಮೇಲೆ ಮೊದಲ ಮೂರನ್ನು ಮೆಲ್ಲಗೆ 18ಕ್ಕೆ ಇಳಿಸಲು ರಾಜ್ಯ ಸರ್ಕಾರ ಹಣ ಕೊಡತೊಡಗಿತು.

ಈ ಮಿತಿಗಳು ಸೇರಿದವರ ಮೇಲಿನವು, ಪ್ರವೇಶ ಕೊಟ್ಟವರ ಮೇಲಿನವಲ್ಲ. ಬಹಳ ಮಂದಿ ಇಲ್ಲೇ ಎಡವುವುದರಿಂದ ಒಂದು ಕಾಲ್ಪನಿಕ ವಿಶ್ವವಿದ್ಯಾಲಯದ ಲೆಕ್ಕವನ್ನೇ ಮಾಡಿ ನೋಡೋಣ. ಸೀಟು 1,000, ಹೊರಗಿನವರಿಗೆ 180, ರಾಜ್ಯದವರಿಗೆ 820. ಪ್ರವೇಶ ಸಿಕ್ಕ ರಾಜ್ಯದವರಲ್ಲಿ ನೂರಕ್ಕೆ 60 ಮಂದಿ ಬಂದು ಸೇರುತ್ತಾರೆ. ಹೊರಗಿನವರಿಗೆ ಶುಲ್ಕವೂ ಹೆಚ್ಚು, ಬೇರೆ ಆಯ್ಕೆಗಳೂ ಹೆಚ್ಚು, ಆದ್ದರಿಂದ 25 ಮಂದಿ ಮಾತ್ರ ಬರುತ್ತಾರೆ ಎಂದುಕೊಳ್ಳಿ. 820 ಸೀಟು ತುಂಬಲು 1,367 ರಾಜ್ಯದವರಿಗೂ, 180 ಸೀಟು ತುಂಬಲು 720 ಹೊರಗಿನವರಿಗೂ ಪ್ರವೇಶ ಕೊಡಬೇಕಾಗುತ್ತದೆ. ರಾಜ್ಯದಿಂದ 5,000, ಹೊರಗಿನಿಂದ 9,000 ಅರ್ಜಿ ಬಂದಿದ್ದರೆ ರಾಜ್ಯದವರ ಪ್ರಮಾಣ ಶೇ. 27, ಹೊರಗಿನವರದು ಶೇ. 8. ಒಟ್ಟಾರೆ ಎಂದು ಜಾಹೀರಾಗುವ ಸಂಖ್ಯೆ ಶೇ. 15. ಆ ಹದಿನೈದು ಯಾರ ಅವಕಾಶವೂ ಅಲ್ಲ.

ಹಾಗೆಂದು ರಾಜ್ಯದವರಿಗೆ ಎಲ್ಲೆಡೆ ಮೂರು ಪಟ್ಟು ಅನುಕೂಲ ಎಂದು ಭಾವಿಸಬಾರದು. ಚಾಪೆಲ್ ಹಿಲ್‌ನಲ್ಲಿ ಅಂತರ ಕಣ್ಣಿಗೆ ರಾಚುವಷ್ಟು ದೊಡ್ಡದು. ಯುಸಿಎಲ್‌ಎಯಲ್ಲಾದರೋ ಕ್ಯಾಲಿಫೋರ್ನಿಯಾದವರ ಪ್ರಮಾಣವೂ ಅಮೆರಿಕದ ಇತರ ರಾಜ್ಯದವರ ಪ್ರಮಾಣವೂ ಒಂದಕ್ಕೊಂದು ಹತ್ತಿರವೇ ಇರುತ್ತವೆ, ಏಕೆಂದರೆ ರಾಜ್ಯದೊಳಗಿಂದಲೇ ಬರುವ ಅರ್ಜಿಗಳು ಅಷ್ಟೊಂದು, ಹೊರಗಿನವರಲ್ಲಿ ಬಂದು ಸೇರುವವರು ಅಷ್ಟು ಕಡಿಮೆ. ಯಾವ ಸಂಸ್ಥೆಯದ್ದಾದರೂ ಸರಿ, ಅದರದೇ ಕೋಷ್ಟಕ ನೋಡಿಯೇ ತೀರ್ಮಾನಕ್ಕೆ ಬರಬೇಕು.

ಅಮೆರಿಕಕ್ಕೆ ಬಂದು ನೆಲೆಸಿದ ಕುಟುಂಬಗಳಿಗೆ ಒಂದು ಮಾತು. ಪ್ರವೇಶದ ವೇಳೆ ಯಾರನ್ನು ರಾಜ್ಯದವರೆಂದು ಎಣಿಸುತ್ತಾರೆ ಮತ್ತು ಶುಲ್ಕದ ವೇಳೆ ಯಾರನ್ನು ಎಣಿಸುತ್ತಾರೆ ಎಂಬುವು ಬೇರೆ ಬೇರೆ ಪ್ರಶ್ನೆಗಳು, ಎರಡಕ್ಕೂ ಬೇರೆ ಬೇರೆ ಕಚೇರಿಗಳು ಉತ್ತರಿಸುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶುಲ್ಕದ ನಿಯಮದಲ್ಲಿ ಎಚ್-4 ವೀಸಾದಲ್ಲಿರುವ (ಉದ್ಯೋಗದ ವೀಸಾದವರ ಅವಲಂಬಿತರಾದ) ಮಕ್ಕಳು ಉಳಿದ ಷರತ್ತುಗಳನ್ನು ಪೂರೈಸಿದರೆ ನಿವಾಸಿಗಳೆನಿಸಿಕೊಳ್ಳಬಹುದು, ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಎನಿಸಿಕೊಳ್ಳಲಾರರು. ಹೊರಗಿನವರು ಕೊಡಬೇಕಾದ ಹೆಚ್ಚುವರಿ ಶುಲ್ಕವೇ ವರ್ಷಕ್ಕೆ 30,000 ಡಾಲರನ್ನು ಮೀರುವುದರಿಂದ, ಇದನ್ನು ಅರ್ಜಿ ಹಾಕುವ ಮುನ್ನವೇ ಕೇಳಿ ತಿಳಿದುಕೊಳ್ಳಬೇಕು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಪ್ರವೇಶದ ಪತ್ರ ಬಂದ ಸಂಭ್ರಮದಲ್ಲಿ ಸಿಹಿ ಹಂಚಿ, ಮೂರು ವಾರಗಳ ನಂತರ ಶುಲ್ಕದ ಲೆಕ್ಕ ಕೈಗೆ ಬಂದಾಗ ಆ ಹೆಸರನ್ನೇ ಎತ್ತದಂತಾಯಿತು.

ಯಾವ ವಿಷಯ ಎಂಬ ಎರಡನೆಯ ಜರಡಿ

ಕೆಲವು ಸಂಸ್ಥೆಗಳು ವಿಶ್ವವಿದ್ಯಾಲಯಕ್ಕೆ ಪ್ರವೇಶ ಕೊಡುತ್ತವೆ, ಕೆಲವು ವಿಷಯಕ್ಕೆ ಕೊಡುತ್ತವೆ, ಇನ್ನು ಕೆಲವು ಒಂದೇ ಕ್ಯಾಂಪಸ್ಸಿನೊಳಗೆ ಎರಡನ್ನೂ ಮಾಡುತ್ತವೆ. ಯುಸಿಎಲ್‌ಎಯ ಸಾಹಿತ್ಯ ಮತ್ತು ವಿಜ್ಞಾನ ಕಾಲೇಜು ಹೊಸಬರ ಅರ್ಜಿಯಲ್ಲಿ ಬರೆದ ಮೇಜರನ್ನು, ಅಂದರೆ ಪದವಿಯ ಮುಖ್ಯ ವಿಷಯವನ್ನು, ಸಾಮಾನ್ಯವಾಗಿ ನೋಡುವುದಿಲ್ಲ. ಅದೇ ಆವರಣದ ಎಂಜಿನಿಯರಿಂಗ್ ಶಾಲೆ ನೋಡುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಿಯಾಟಲ್ ಕ್ಯಾಂಪಸ್ಸಿನ ಒಟ್ಟಾರೆ ಪ್ರಮಾಣ ಈಚೆಗೆ ಶೇ. 40ರ ಆಸುಪಾಸಿನಲ್ಲಿದೆ, ಅದನ್ನು ನೋಡಿ ಹೊರರಾಜ್ಯದ ವಿದ್ಯಾರ್ಥಿ ಕಂಪ್ಯೂಟರ್ ಸೈನ್ಸಿಗೆ ಅರ್ಜಿ ಹಾಕಿದರೆ ಅವನು ಬೇರೆಯೇ ಸಾಲಿನಲ್ಲಿ ನಿಂತಿರುತ್ತಾನೆ: ಆ ವಿಷಯಕ್ಕೆ ಹೊರಗಿನವರ ಪ್ರಮಾಣ ಒಂದಂಕಿಯದು.

ಆದ್ದರಿಂದ ಮೇಜರಿನ ಬಗ್ಗೆ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕು. ಪ್ರವೇಶದಲ್ಲಿ ಮೇಜರನ್ನು ನೋಡುತ್ತಾರೆಯೇ? ಅದು ಸಿಗದಿದ್ದರೆ ಎರಡನೆಯ ಆಯ್ಕೆಗೆ ಪರಿಗಣಿಸುತ್ತಾರೆಯೇ? ಒಳಗೆ ಸೇರಿದ ಮೇಲೆ ಬದಲಾಯಿಸಿಕೊಳ್ಳಲು ಬಿಡುತ್ತಾರೆಯೇ? ಮೂರನೆಯದನ್ನು ಕೇಳದವರೇ "ಇತಿಹಾಸಕ್ಕೆ ಸೇರಿ ಆಮೇಲೆ ಕಂಪ್ಯೂಟರಿಗೆ ದಾಟಿಕೊಂಡರಾಯಿತು" ಎಂಬ ಉಪಾಯ ಹೂಡುವುದು. ಬೇಡಿಕೆಯಿರುವ ವಿಷಯಗಳಲ್ಲಿ ಆ ಬಾಗಿಲು ಬಹುತೇಕ ಮುಚ್ಚಿರುತ್ತದೆ, ಮತ್ತು ಇತಿಹಾಸದಲ್ಲಿ ಆಸಕ್ತಿಯ ಕುರುಹೇ ಇಲ್ಲದ ಅರ್ಜಿಯಲ್ಲಿ ರೊಬಾಟಿಕ್ಸ್ ಪಂದ್ಯಗಳೇ ತುಂಬಿದ್ದರೆ ಓದುವವರಿಗೆ ಅರ್ಥವಾಗದೆ ಇರುವುದಿಲ್ಲ.

ಜಿಪಿಎಯನ್ನು ಅವರ ತಕ್ಕಡಿಯಲ್ಲಿ ತೂಗುವುದು

ಶಾಲೆಯ ಅಂಕಪಟ್ಟಿಯಲ್ಲಿ ಅಚ್ಚಾದ ಜಿಪಿಎಯನ್ನು ವಿಶ್ವವಿದ್ಯಾಲಯದ ಕೋಷ್ಟಕದ ಜಿಪಿಎಯೊಂದಿಗೆ ಹೋಲಿಸುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆಕ್ಕಕ್ಕೆ ಬರುವುದು ಒಂಬತ್ತನೆಯ ತರಗತಿ ಮುಗಿದ ಬೇಸಿಗೆಯಿಂದ ಹನ್ನೊಂದನೆಯದು ಮುಗಿದ ಬೇಸಿಗೆಯವರೆಗಿನ 'ಎ-ಜಿ' ಕೋರ್ಸುಗಳು, ಅಂದರೆ ಪ್ರವೇಶಕ್ಕೆ ಬೇಕೆಂದು ವಿಶ್ವವಿದ್ಯಾಲಯ ಗುರುತಿಸಿದ ವಿಷಯಗಳ ಕೋರ್ಸುಗಳು, ಮಾತ್ರ. ಎ ಗ್ರೇಡಿಗೆ 4, ಬಿಗೆ 3, ಸಿಗೆ 2. ಪ್ಲಸ್ಸು ಮೈನಸ್ಸುಗಳಿಗೆ ಬೆಲೆಯಿಲ್ಲ. ಮಾನ್ಯತೆ ಪಡೆದ ಆನರ್ಸ್ (ಹೆಚ್ಚು ಕಠಿಣ ಮಟ್ಟದ) ಅಥವಾ ಎಪಿ (ಕಾಲೇಜು ಮಟ್ಟದ) ಕೋರ್ಸಿನ ಪ್ರತಿ ಸೆಮಿಸ್ಟರಿಗೆ, ಗ್ರೇಡು ಸಿಗಿಂತ ಕೆಳಗಿಲ್ಲದಿದ್ದರೆ, ಒಂದು ಅಂಕ ಹೆಚ್ಚು. ಆದರೆ ಅಂಥ ಹೆಚ್ಚುವರಿ ಅಂಕ ಎಂಟು ಸೆಮಿಸ್ಟರಿಗೆ ಮಾತ್ರ, ಅದರಲ್ಲೂ ಹತ್ತನೆಯ ತರಗತಿಯ ಸೆಮಿಸ್ಟರುಗಳು ನಾಲ್ಕಕ್ಕಿಂತ ಹೆಚ್ಚಿರುವಂತಿಲ್ಲ. ಹೊರರಾಜ್ಯದ ಶಾಲೆಯವರಿಗೆ ಎಪಿ ಮತ್ತು ಐಬಿ (ಅಂತರರಾಷ್ಟ್ರೀಯ ಪಠ್ಯಕ್ರಮದ) ಕೋರ್ಸುಗಳಿಗಷ್ಟೇ ಈ ಅಂಕ. ಅವರ ಶಾಲೆ ತಾನೇ ಆನರ್ಸ್ ಎಂದು ಹೆಸರಿಟ್ಟ ಕೋರ್ಸಿಗೆ ಇಲ್ಲ.

ಒಬ್ಬ ವಿದ್ಯಾರ್ಥಿನಿಯ ಎರಡು ವರ್ಷಗಳ ಅಂಕಪಟ್ಟಿಯನ್ನು ಊಹಿಸಿಕೊಳ್ಳಿ. ಸೆಮಿಸ್ಟರಿಗೆ ಐದು ಕೋರ್ಸಿನಂತೆ 20 ಗ್ರೇಡುಗಳು; 16 ಎ, 4 ಬಿ. ಕೂಡಿದರೆ 76, ಇಪ್ಪತ್ತರಿಂದ ಭಾಗಿಸಿದರೆ 3.80. ಅವಳು ವರ್ಷಪೂರ್ತಿಯ ಆರು ಎಪಿ ಕೋರ್ಸುಗಳನ್ನು ತೆಗೆದುಕೊಂಡಿದ್ದಾಳೆ, ಅಂದರೆ 12 ಸೆಮಿಸ್ಟರು. ಶಾಲೆ ಹನ್ನೆರಡನ್ನೂ ಸೇರಿಸಿ 88ನ್ನು 20ರಿಂದ ಭಾಗಿಸಿ 4.40 ಎಂದು ಅಚ್ಚು ಹಾಕುತ್ತದೆ. ವಿಶ್ವವಿದ್ಯಾಲಯ ಎಂಟನ್ನು ಮಾತ್ರ ಸೇರಿಸಿ 84ನ್ನು ಭಾಗಿಸಿ 4.20 ಎನ್ನುತ್ತದೆ. ಒಂದೇ ಹುಡುಗಿ, ಮೂರು ಜಿಪಿಎ. ಪ್ರಕಟವಾಗುವ ಕೋಷ್ಟಕಗಳಲ್ಲಿಯೂ ತೂಕವಿಲ್ಲದ್ದು, ಮಿತಿಯುಳ್ಳದ್ದು, ಮಿತಿಯಿಲ್ಲದ್ದು ಎಂಬ ಮೂರೂ ಬಗೆ ಇರುವುದರಿಂದ ತಲೆಬರಹವನ್ನು ಎರಡು ಬಾರಿ ಓದಿ ಆಮೇಲೆ ಹೋಲಿಸಿ. ಕ್ಯಾಲಿಫೋರ್ನಿಯಾದವರಿಗೆ 3.0, ಹೊರಗಿನವರಿಗೆ 3.4 ಎಂಬ ಕನಿಷ್ಠ ಜಿಪಿಎ ಅರ್ಜಿ ಹಾಕುವ ಅರ್ಹತೆಗೆ ಸಂಬಂಧಿಸಿದ್ದೇ ಹೊರತು ಬೇಡಿಕೆಯ ಕ್ಯಾಂಪಸ್ಸುಗಳಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ.

ಕೋಷ್ಟಕದಲ್ಲಿ 'ನಡುವಿನ ಶೇ. 50' ಎಂದು ಎರಡು ಸಂಖ್ಯೆ ಕೊಟ್ಟಿದ್ದರೆ, ಪ್ರವೇಶ ಪಡೆದವರಲ್ಲಿ ಕಾಲು ಭಾಗ ಮಂದಿ ಕೆಳಗಿನ ಸಂಖ್ಯೆಗಿಂತ ಕೆಳಗಿದ್ದರು, ಕಾಲು ಭಾಗ ಮೇಲಿನದಕ್ಕಿಂತ ಮೇಲಿದ್ದರು ಎಂದರ್ಥ. ಕೆಳಗಿನ ಕಾಲು ಭಾಗವನ್ನು ತೋರಿಸಿ ಧೈರ್ಯ ಹೇಳುವವರಿದ್ದಾರೆ. ಅಲ್ಲಿರುವವರಲ್ಲಿ ಕ್ರೀಡಾಪಟುಗಳು, ತೀರಾ ಕಷ್ಟದ ಪರಿಸ್ಥಿತಿಯಲ್ಲಿ ಓದಿದವರು, ಅಪರೂಪದ ಸಾಧನೆ ಇರುವವರು ಸೇರಿರುತ್ತಾರೆ ಎಂಬುದನ್ನು ಅವರು ಹೇಳುವುದಿಲ್ಲ. ಎಸ್ಎಟಿ ಕಡ್ಡಾಯವಲ್ಲದ ಸಂಸ್ಥೆಗಳಲ್ಲಿ ಈ ವ್ಯಾಪ್ತಿ ಅಂಕ ಕಳುಹಿಸಿದವರದು ಮಾತ್ರ, ಕಡಿಮೆ ಬಂದವರು ಕಳುಹಿಸಿರುವುದಿಲ್ಲ, ಆದ್ದರಿಂದ ಸಂಖ್ಯೆ ಮೇಲಕ್ಕೆ ಎಳೆದುಕೊಂಡಿರುತ್ತದೆ. ಫ್ಲಾರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳಂತೆ ಎಲ್ಲರಿಂದಲೂ ಅಂಕ ಕೇಳುವಲ್ಲಿ ಅದು ಹೆಚ್ಚು ನಂಬಬಹುದಾದ ಸಂಖ್ಯೆ.

ತರಗತಿಯಲ್ಲಿನ ಸ್ಥಾನ ಮತ್ತು ಖಾತರಿಗಳು

ಟೆಕ್ಸಸ್ ರಾಜ್ಯ 1997ರಲ್ಲಿ ಮಾಡಿದ ಕಾನೂನಿನಂತೆ ಶಾಲೆಯ ಮೇಲಿನ ಶೇ. 10ರಲ್ಲಿರುವವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತಾನಾಗಿಯೇ ಪ್ರವೇಶ. ಆಸ್ಟಿನ್ ಕ್ಯಾಂಪಸ್ಸು ಇದರಿಂದಲೇ ತುಂಬಿಹೋಗುತ್ತಿದ್ದುದರಿಂದ 2009ರಲ್ಲಿ ಅದಕ್ಕೆ ವಿನಾಯಿತಿ ಸಿಕ್ಕಿತು. 2025ರ ಶರತ್ಕಾಲದ ಪ್ರವೇಶಕ್ಕೆ ಅಲ್ಲಿ ಮೇಲಿನ ಶೇ. 6 ಇತ್ತು, 2026ರ ಶರತ್ಕಾಲದ ಪ್ರವೇಶಕ್ಕೆ ಅದು ಶೇ. 5 ಆಯಿತು. ಈ ಖಾತರಿ ವಿಶ್ವವಿದ್ಯಾಲಯಕ್ಕೇ ಹೊರತು ಬೇಕಾದ ಮೇಜರಿಗಲ್ಲ. ಕ್ಯಾಲಿಫೋರ್ನಿಯಾದಲ್ಲಿ ಶಾಲೆಯ ಅಥವಾ ರಾಜ್ಯದ ಮೇಲಿನ ಶೇ. 9ರಲ್ಲಿರುವ ನಿವಾಸಿಗಳಿಗೆ ಖಾತರಿಯಿದೆ, ಆದರೆ ಜಾಗವಿರುವ ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ. ಅದು ಬಹಳ ಸಲ ಮರ್ಸೆಡ್ ಆಗಿರುತ್ತದೆ, ಬರ್ಕ್ಲಿ ಆಗಿರುವುದಿಲ್ಲ. ಹೀಗಿದ್ದರೂ ಕೈಯಲ್ಲಿರುವ ಖಾತರಿಯನ್ನು ಹಗುರವಾಗಿ ಕಾಣಬಾರದು. ಅದು ಪಟ್ಟಿಯಲ್ಲಿದ್ದರೆ ಉಳಿದ ಅರ್ಜಿಗಳನ್ನು ನೆಮ್ಮದಿಯಿಂದ ಹಾಕಬಹುದು.

ಅಂಕಿಗೆ ಸಿಗದ ಭಾಗ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 13 ಅಂಶಗಳನ್ನು ಮುಂದಿಟ್ಟುಕೊಂಡು ಅರ್ಜಿ ಓದುತ್ತದೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಸಂದರ್ಭ: ಆ ಶಾಲೆಯಲ್ಲಿ ಸಿಗುತ್ತಿದ್ದ ಕೋರ್ಸುಗಳಲ್ಲಿ ಈ ವಿದ್ಯಾರ್ಥಿ ಎಷ್ಟನ್ನು ತೆಗೆದುಕೊಂಡ, ಯಾವ ಅನುಕೂಲ ಅನನುಕೂಲಗಳ ನಡುವೆ ಓದಿದ. ಇಪ್ಪತ್ತು ಎಪಿ ಕೋರ್ಸುಗಳಿರುವ ಶಾಲೆಯಲ್ಲಿ ಆರನ್ನು ತೆಗೆದುಕೊಂಡವನೂ, ಏಳೇ ಇರುವ ಶಾಲೆಯಲ್ಲಿ ಆರನ್ನು ತೆಗೆದುಕೊಂಡವಳೂ ಒಂದೇ ತೂಕವಲ್ಲ. ಆದ್ದರಿಂದಲೇ ಮೇಲೆ ಹೇಳಿದ ಶಾಲಾವಾರು ಕೋಷ್ಟಕಕ್ಕೆ ಅಷ್ಟು ಬೆಲೆ. ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ ತಲಾ 350 ಪದಗಳ ಮಿತಿಯಲ್ಲಿ ಉತ್ತರ ಬರೆಯಬೇಕು, ಶಿಫಾರಸು ಪತ್ರಗಳನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಹಾಗಾಗಿ ಮನೆಯ ಪರಿಸ್ಥಿತಿ, ಒಂದು ವರ್ಷ ಗ್ರೇಡು ಕುಸಿದುದಕ್ಕೆ ಕಾರಣ, ಶಾಲೆಯಲ್ಲಿ ಭೌತಶಾಸ್ತ್ರದ ಶಿಕ್ಷಕರೇ ಇರಲಿಲ್ಲ ಎಂಬಂಥ ಸಂಗತಿಗಳನ್ನು ವಿದ್ಯಾರ್ಥಿಯೇ ಹೇಳದಿದ್ದರೆ ಇನ್ಯಾರೂ ಹೇಳುವುದಿಲ್ಲ. ಜನಾಂಗವನ್ನು ಪರಿಗಣಿಸುವುದು ಅಲ್ಲಿ 1996ರಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರೊಪೊಸಿಷನ್ 209ರಿಂದಲೇ ನಿಷಿದ್ಧ. 2023ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಉಳಿದೆಡೆಯೂ ಹಾಗೆಯೇ.

ಎಲ್ಲವನ್ನೂ ಕೂಡಿಸಿದ ಮೇಲೆ ಕೈಗೆ ಬರುವುದು ಒಂದು ಸಂಖ್ಯೆಯಲ್ಲ, ಒಂದು ವ್ಯಾಪ್ತಿ. ಇಷ್ಟು ಮಾಹಿತಿ ತುಂಬಿದರೆ ನಿಮ್ಮ ಅವಕಾಶ ಶೇ. 23 ಎಂದು ಹೇಳುವ ಯಂತ್ರಗಳನ್ನು ನಾನು ನಂಬುವುದಿಲ್ಲ, ಏಕೆಂದರೆ ಪ್ರಬಂಧ ಓದದೆ, ಶಾಲೆಯನ್ನು ಅರಿಯದೆ ಆ ಇಪ್ಪತ್ತಮೂರರಲ್ಲಿನ ಮೂರರಷ್ಟು ನಿಖರತೆ ಬರಲು ಸಾಧ್ಯವೇ ಇಲ್ಲ. 'ಹತ್ತರಿಂದ ಇಪ್ಪತ್ತರೊಳಗೆ, ಮೇಜರಿನ ಕಾರಣದಿಂದ ಹತ್ತಕ್ಕೇ ಹತ್ತಿರ' ಎಂದು ನೀವೇ ಬರೆದಿಟ್ಟುಕೊಂಡ ಟಿಪ್ಪಣಿ ಅದಕ್ಕಿಂತ ಪ್ರಾಮಾಣಿಕವಾದದ್ದು.

ಹಲವು ಅರ್ಜಿಗಳ ಲೆಕ್ಕದಲ್ಲಿಯೂ ಒಂದು ಮೋಸವಿದೆ. ಒಂದೊಂದರಲ್ಲೂ ಶೇ. 10ರ ಅವಕಾಶವಿರುವ ಹತ್ತು ಕಡೆ ಅರ್ಜಿ ಹಾಕಿದರೆ ಎಲ್ಲಾದರೂ ಒಂದು ಕಡೆ ಸಿಗುವ ಸಂಭವ ಶೇ. 65 ಎಂದು ಗಣಿತ ಹೇಳುತ್ತದೆ, ಆದರೆ ಆ ಹತ್ತೂ ನಿರ್ಧಾರಗಳಿಗೆ ಒಂದರೊಡನೊಂದು ಸಂಬಂಧವೇ ಇಲ್ಲ ಎಂದುಕೊಂಡಾಗ ಮಾತ್ರ. ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸುಗಳೆಲ್ಲ ಬೇರೆ ಬೇರೆಯಾಗಿ ನಿರ್ಧರಿಸಿದರೂ ಓದುವುದು ಅದೇ ಗ್ರೇಡು, ಅದೇ ನಾಲ್ಕು ಉತ್ತರ. ಒಂದು ಕಡೆ ಸಪ್ಪೆಯಾಗಿ ಕಂಡದ್ದು ಇನ್ನೊಂದು ಕಡೆಯೂ ಸಪ್ಪೆಯಾಗಿಯೇ ಕಾಣುವ ಸಾಧ್ಯತೆ ಹೆಚ್ಚು. ಕಷ್ಟದ ಕಡೆಗೆ ಇನ್ನೆರಡು ಅರ್ಜಿ ಸೇರಿಸುವುದಕ್ಕಿಂತ, ಅವಕಾಶ ಶೇ. 60ಕ್ಕಿಂತ ಮೇಲಿರುವ, ಸಿಕ್ಕರೆ ಮಗು ನಿಜವಾಗಿ ಹೋಗಿ ಓದಲು ಒಪ್ಪುವ ಎರಡು ಕಾಲೇಜುಗಳನ್ನು ಸೇರಿಸಿದರೆ ಪಟ್ಟಿ ಗಟ್ಟಿಯಾಗುತ್ತದೆ.

ಇನ್ನೊಂದು ಬಾಗಿಲನ್ನು ಹಲವರು ಕೀಳಾಗಿ ಕಂಡು ಬಿಟ್ಟುಬಿಡುತ್ತಾರೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಮೂರನೆಯ ವರ್ಷಕ್ಕೆ ವರ್ಗವಾಗಿ ಬರುವವರಿಗಾಗಿ ವಿಶ್ವವಿದ್ಯಾಲಯ ಜಾಗ ಕಾದಿರಿಸುತ್ತದೆ; ಇಬ್ಬರು ಹೊಸಬರಿಗೆ ಒಬ್ಬ ವರ್ಗಾವಣೆಯ ವಿದ್ಯಾರ್ಥಿ ಎಂಬುದು ಅದರ ಗುರಿ. ಯುಸಿಎಲ್‌ಎಯಲ್ಲಿ ಈಚಿನ ವರ್ಷಗಳಲ್ಲಿ ವರ್ಗಾವಣೆ ಕೋರಿದವರಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಸಿಕ್ಕಿದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ ಮತ್ತು ಸಾಂಟಾ ಕ್ರೂಜ್ ಕ್ಯಾಂಪಸ್ಸುಗಳಲ್ಲಿ ನಿಗದಿತ ಕೋರ್ಸು ಮತ್ತು ಗ್ರೇಡುಗಳನ್ನು ಪೂರೈಸಿದರೆ ಪ್ರವೇಶದ ಲಿಖಿತ ಖಾತರಿಯೇ ಸಿಗುತ್ತದೆ, ಬೇಡಿಕೆಯ ಕೆಲವು ಮೇಜರುಗಳನ್ನು ಬಿಟ್ಟು.

ಕೊನೆಗೆ ವೇಟ್‌ಲಿಸ್ಟ್. ಸಿ2 ಕೋಷ್ಟಕದಲ್ಲಿ ಮೂರು ಸಂಖ್ಯೆಗಳಿರುತ್ತವೆ: ಎಷ್ಟು ಮಂದಿಗೆ ವೇಟ್‌ಲಿಸ್ಟಿನ ಜಾಗ ಕೊಟ್ಟರು, ಎಷ್ಟು ಮಂದಿ ಒಪ್ಪಿಕೊಂಡರು, ಎಷ್ಟು ಮಂದಿಯನ್ನು ಒಳಗೆ ಕರೆದರು. ಛೇದವಾಗಬೇಕಾದದ್ದು ಎರಡನೆಯದು. ಐದು ವರ್ಷಗಳನ್ನು ಒಂದರ ಕೆಳಗೊಂದು ಬರೆದರೆ ಒಂದು ವರ್ಷ ಸಾವಿರಗಟ್ಟಲೆ, ಮರುವರ್ಷ ಬೆರಳೆಣಿಕೆಯಷ್ಟು ಎಂಬಂಥ ಏರಿಳಿತ ಕಾಣಬಹುದು, ಏಕೆಂದರೆ ಅದು ನಿಂತಿರುವುದು ಪಟ್ಟಿಯಲ್ಲಿರುವವರ ಗುಣದ ಮೇಲಲ್ಲ, ಪ್ರವೇಶ ಸಿಕ್ಕವರಲ್ಲಿ ಎಷ್ಟು ಮಂದಿ ಬಾರದೆ ಉಳಿದರು ಎಂಬುದರ ಮೇಲೆ. ವೇಟ್‌ಲಿಸ್ಟಿನಲ್ಲಿರಲು ಒಪ್ಪಿಗೆ ಕಳುಹಿಸಿ, ಆದರೆ ಮೇ 1ರ ಒಳಗೆ ಪ್ರವೇಶ ಸಿಕ್ಕಿರುವ ಇನ್ನೊಂದು ಕಡೆ ಠೇವಣಿ ಕಟ್ಟಿ ಸೀಟನ್ನು ಭದ್ರಮಾಡಿಕೊಳ್ಳಿ. ಮುಂದೆ ಕರೆ ಬಂದರೆ ಕಳೆದುಕೊಳ್ಳುವುದು ಆ ಠೇವಣಿಯಷ್ಟೇ.